ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸುವಾಗ ಅಳತೆಯ ಗೆರೆಗಳನ್ನು ಯಾವಾಗ ಕೊಡಬೇಕು?

ಬಿಳಿಹಾಳೆ:

ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೊಮ್ಮೆ ಹದಿನಾಲ್ಕು ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತೇನೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ 5 ವರ್ಷ, ದೊಡ್ಡವನಿಗೆ 11. ಮರ, ಕೊಡೆ, ಬೆಕ್ಕು ಎಲ್ಲವನ್ನೂ ದಾಟಿ ಕಳೆದ ವಾರ ಮನುಷ್ಯನ ಮುಖಕ್ಕೆ ಬಂದೆವು. ನಾನು ಕಲಿತಿದ್ದ ಕ್ರಮದಲ್ಲಿಯೇ ಹಲಗೆಯ ಮೇಲೆ ಮೊಟ್ಟೆಯಾಕಾರವೊಂದನ್ನು ಬರೆದು, ನಟ್ಟನಡುವೆ ಅಡ್ಡಗೆರೆ ಎಳೆದು ಕಣ್ಣುಗಳ ಜಾಗ ತೋರಿಸಿ, ಅಲ್ಲಿಂದ ಗದ್ದಕ್ಕೆ ಅರ್ಧ ದೂರದಲ್ಲಿ ಮೂಗಿನ ತುದಿ, ಅದರ ಕೆಳಗೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿದರೆ ಬಾಯಿ ಎಂದು ವಿವರಿಸಿದೆ. ಮಕ್ಕಳು ಅಚ್ಚುಕಟ್ಟಾಗಿ ಬರೆದರು. ತರಗತಿ ಮುಗಿದ ಮೇಲೆ ಹಾಳೆಗಳನ್ನು ಸಾಲಾಗಿ ಹರಡಿ ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಹದಿನಾಲ್ಕು ಹಾಳೆಗಳಲ್ಲಿಯೂ ಒಂದೇ ಮುಖ ನನ್ನನ್ನು ನೋಡುತ್ತಿತ್ತು, ಅದು ಯಾರ ಮುಖವೂ ಆಗಿರಲಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಆ 5 ವರ್ಷದ ಹುಡುಗಿಯ ವಿಷಯ. ಅದಕ್ಕೆ ಹಿಂದಿನ ವಾರ ಅವಳು ತಾನಾಗಿ ತನ್ನ ಅಜ್ಜಿಯನ್ನು ಬರೆದಿದ್ದಳು. ದೊಡ್ಡದೊಂದು ಸುತ್ತು, ಅದರ ಮೇಲಂಚಿಗೆ ಅಂಟಿಕೊಂಡ ಎರಡು ಕಣ್ಣು, ಬಾಯಿಯ ಸುತ್ತ ಸೂರ್ಯನ ಕಿರಣಗಳಂತೆ ಸುಕ್ಕುಗಳು. ಕಳೆದ ವಾರದ ಪಾಠದಲ್ಲಿ ಅವಳು ಪ್ರತಿ ಗೆರೆ ಎಳೆದ ಮೇಲೂ ತಲೆಯೆತ್ತಿ "ಇದು ಸರಿಯಾ ಮಿಸ್?" ಎಂದು ಕೇಳುತ್ತಿದ್ದಳು. ನಾನು ಏನನ್ನೋ ಕೆಡಿಸಿದೆನೆಂಬ ಅಳುಕು ಇದೆ. ಅಳತೆಯ ಗೆರೆಗಳನ್ನು ಯಾವ ವಯಸ್ಸಿಗೆ ಕೊಡಬೇಕು? ಕೊಡದಿದ್ದರೆ ಅವುಗಳ ಬದಲು ಏನು ಕೊಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಹಳೆಯ ಮೇಷ್ಟ್ರು:

ಅಮ್ಮಾ, ಅಳುಕು ಬೇಡ. ಒಂದು ವಾರದ ಪಾಠದಿಂದ ಯಾವ ಮಗುವಿನ ಕೈಯೂ ಕೆಡುವುದಿಲ್ಲ. ಆದರೆ 5 ವರ್ಷದವಳಿಗೂ 11 ವರ್ಷದವನಿಗೂ ಒಂದೇ ಪಾಠ ಮಾಡಿದ್ದು ಮಾತ್ರ ತಪ್ಪೇ.

ಮೂರು ನಾಲ್ಕು ವರ್ಷದ ಮಕ್ಕಳು ಮನುಷ್ಯನನ್ನು ಬರೆಯುವ ಬಗೆಯನ್ನು ನೆನಪಿಸಿಕೊಳ್ಳಿ. ಒಂದು ಸುತ್ತು, ಅದರಿಂದಲೇ ನೇರವಾಗಿ ಇಳಿದ ಎರಡು ಕಾಲು, ನೋಡಲು ಗೊದಮೊಟ್ಟೆಯಂತಿರುತ್ತದೆ. ಮಗುವಿಗೆ ಹೊಟ್ಟೆಯಿರುವುದು ಗೊತ್ತಿಲ್ಲವೆಂದು ಇದರ ಅರ್ಥವಲ್ಲ, "ಹೊಟ್ಟೆ ಎಲ್ಲಿ ತೋರಿಸು" ಎಂದರೆ ಅದೇ ಚಿತ್ರದಲ್ಲಿ ಬೆರಳಿಟ್ಟು ತೋರಿಸುತ್ತದೆ. ಫ್ರಾನ್ಸಿನ ಲ್ಯೂಕೆ ಎಂಬ ವಿದ್ವಾಂಸರು 1927ರಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಬರೆಯುತ್ತ, ಚಿಕ್ಕ ಮಕ್ಕಳು ಕಣ್ಣಿಗೆ ಕಂಡದ್ದನ್ನಲ್ಲ, ತಮಗೆ ತಿಳಿದದ್ದನ್ನು ಬರೆಯುತ್ತಾರೆ ಎಂಬ ಭೇದವನ್ನು ಗುರುತಿಸಿದರು. ಪಕ್ಕದಿಂದ ಕಾಣುವ ಮುಖದಲ್ಲಿ ಮಗು ಎರಡು ಕಣ್ಣುಗಳನ್ನು ಬರೆಯುವುದು ಅದಕ್ಕಾಗಿಯೇ. ಮನುಷ್ಯನಿಗೆ ಎರಡು ಕಣ್ಣಿವೆಯೆಂದು ಅದಕ್ಕೆ ತಿಳಿದಿದೆ, ಒಂದನ್ನು ಬಿಟ್ಟರೆ ಅದು ಮಗುವಿನ ಲೆಕ್ಕದಲ್ಲಿ ಸುಳ್ಳಾಗುತ್ತದೆ. ಕಂಡಂತೆ ಬರೆಯಬೇಕೆಂಬ ಹಟ ಎಂಟು ಒಂಬತ್ತರ ಸುಮಾರಿಗೆ ತಾನಾಗಿಯೇ ಹುಟ್ಟುತ್ತದೆ. ಅದು ಹುಟ್ಟುವ ಮೊದಲು ಅಳತೆ ಕೊಟ್ಟರೆ, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ.

ಹಾಗೆಂದು ಚಿಕ್ಕವರಿಗೆ ಏನೂ ಕಲಿಸಬಾರದೆಂದು ನಾನು ಹೇಳುವುದಿಲ್ಲ. ತಿಳಿದದ್ದನ್ನು ಬರೆಯುತ್ತಾರಾದರೆ ತಿಳಿಯುವುದನ್ನು ಹೆಚ್ಚಿಸಬೇಕು, ಅಷ್ಟೆ. ಕಣ್ಣು ಮುಚ್ಚಿಸಿ, ತಮ್ಮ ಮುಖವನ್ನು ತಾವೇ ಬೆರಳುಗಳಿಂದ ಮುಟ್ಟಿ ನೋಡಲು ಹೇಳಿ. ಹುಬ್ಬಿನ ಕೂದಲು ಯಾವ ಕಡೆಗೆ ಮಲಗಿದೆ, ಮೂಗಿನ ಮೇಲ್ಭಾಗದ ಗಟ್ಟಿ ಮೂಳೆ ಎಲ್ಲಿ ಮುಗಿದು ಮೆತ್ತಗಾಗುತ್ತದೆ, ಕಿವಿಯ ಹಿಂದೆ ಏನಿದೆ, ಜಗಿದಾಗ ಮುಖದ ಯಾವ ಭಾಗ ಅಲುಗುತ್ತದೆ ಎಂದು ಒಂದೊಂದಾಗಿ ಕೇಳಿ. ಅದಾದ ಕೂಡಲೇ, ಏನೂ ಹೇಳದೆ, ಹಾಳೆ ಕೊಡಿ. ಹಿಂದಿನ ದಿನ ಕಿವಿಯನ್ನೇ ಬರೆಯದ ಮಗು ಅಂದು ಕಿವಿಯೊಳಗಿನ ಸುರುಳಿಯನ್ನೂ ಬರೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ಕಿವಿಯನ್ನು ಕೆನ್ನೆಯ ಮೇಲೆ ಬರೆದರೂ ತಿದ್ದಬೇಡಿ. ಇವತ್ತು ಕಿವಿ ಬಂದಿದೆ, ಜಾಗ ಇನ್ನೊಂದು ದಿನ ಬರುತ್ತದೆ.

ನಿಮ್ಮ ಹುಡುಗಿ ಬರೆದ ಸುಕ್ಕುಗಳಲ್ಲಿ ಇದ್ದದ್ದು ಈ ಬಗೆಯ ತಿಳಿವಳಿಕೆಯೇ. ಅವಳು ಅಜ್ಜಿಯ ಬಾಯಿಯನ್ನು ಹತ್ತಿರದಿಂದ ನೋಡಿದ್ದಾಳೆ.

ಇದ್ದಿಲುಕಡ್ಡಿ:

ಮೇಷ್ಟ್ರ ಮಾತಿಗೆ ನನ್ನ ಮುಕ್ಕಾಲು ಪಾಲು ಒಪ್ಪಿಗೆಯಿದೆ. ಭಾವಚಿತ್ರ ಬರೆಯುವುದೇ ನನ್ನ ಕಸುಬಾದ್ದರಿಂದ, ಉಳಿದ ಕಾಲು ಪಾಲಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಒಂಬತ್ತು ದಾಟಿದ ಮಕ್ಕಳಿಗೆ ಅಳತೆ ಕೊಡದೆ ಹೋದರೆ ಅದು ಅನ್ಯಾಯ. ತಾವು ಬರೆದದ್ದು ತಾವು ಕಂಡದ್ದರಂತಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ, ಯಾಕಿಲ್ಲವೆಂದು ಗೊತ್ತಾಗುವುದಿಲ್ಲ. ಅನೇಕರು ಪೆನ್ಸಿಲ್ ಕೆಳಗಿಡುವುದು ಅಲ್ಲಿಯೇ. ಆದರೆ ಅಳತೆಯನ್ನು ಹಲಗೆಯಿಂದ ಇಳಿಸಿಕೊಳ್ಳಬಾರದು, ಮುಖದಿಂದ ಎತ್ತಿಕೊಳ್ಳಬೇಕು.

ಇದಕ್ಕೆ ಕನ್ನಡಿಗಿಂತ ಒಳ್ಳೆಯ ಸಾಧನವಿಲ್ಲ. ಮಗುವನ್ನು ಕನ್ನಡಿಯ ಎದುರು ನೇರವಾಗಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ತಲೆ ಅಲುಗಿಸದೆ ಗಾಜಿನ ಮೇಲೆ ಕಾಣುವ ತಲೆಯ ಅಂಚನ್ನು ಸೋಪಿನ ತುಂಡಿನಿಂದ ಗುರುತಿಸಲು ಹೇಳಿ. ನೆತ್ತಿ, ಕಣ್ಣು, ಮೂಗಿನ ತುದಿ, ಬಾಯಿ, ಗದ್ದ ಎಲ್ಲದಕ್ಕೂ ಒಂದೊಂದು ಗೀಟು. ಆಮೇಲೆ ಪಕ್ಕಕ್ಕೆ ಸರಿದು ನೋಡಿದರೆ ಮೊದಲ ಅಚ್ಚರಿ ಕಾದಿರುತ್ತದೆ: ಗಾಜಿನ ಮೇಲಿನ ತಲೆ ನಿಜವಾದ ತಲೆಯ ಸರಿಯಾಗಿ ಅರ್ಧದಷ್ಟೇ ಇರುತ್ತದೆ, ಹತ್ತಿರ ನಿಂತರೂ ದೂರ ನಿಂತರೂ ಅಷ್ಟೇ. ನಾವು ಕನ್ನಡಿಯಿಂದ ಎಷ್ಟು ದೂರವಿದ್ದೇವೆಯೋ ಪ್ರತಿಬಿಂಬವೂ ಗಾಜಿನ ಹಿಂದೆ ಅಷ್ಟೇ ದೂರವಿರುವುದರಿಂದ, ಗಾಜು ಯಾವಾಗಲೂ ನಡುದಾರಿಯಲ್ಲಿರುತ್ತದೆ. ಎರಡನೆಯ ಅಚ್ಚರಿ ಕಣ್ಣಿನ ಗೀಟು. ಹಣೆಯಲ್ಲಿ ನೋಡುವಂಥದ್ದು ಏನೂ ಇಲ್ಲವಾದ್ದರಿಂದ ನಮ್ಮ ಮನಸ್ಸು ಅದನ್ನು ಕುಗ್ಗಿಸಿಬಿಡುತ್ತದೆ, ದೊಡ್ಡವರೂ ಕಣ್ಣುಗಳನ್ನು ಮೇಲಕ್ಕೇ ಬರೆಯುತ್ತಾರೆ. ಗಾಜಿನ ಮೇಲೆ ಅವು ನಡುವಿಗೆ ಇಳಿದಿರುವುದನ್ನು ಒಮ್ಮೆ ಕಂಡ ಮಗುವಿಗೆ ಮತ್ತೆ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಬೇಕು. ಮುಖವನ್ನು ಮೂರು ಸಮಪಾಲು ಮಾಡುವ ಕ್ರಮವೊಂದಿದೆ. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಹೇಳಿದ್ದೂ ಅದನ್ನೇ. ನಮ್ಮ ಶಿಲ್ಪಶಾಸ್ತ್ರದ ತಾಳಮಾನದಲ್ಲಿಯೂ ಮುಖವೆಂದರೆ ಒಂದು ತಾಳ, ಅಂದರೆ 12 ಅಂಗುಲ, ಅದರಲ್ಲಿ ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿನಿಂದ ಗದ್ದದವರೆಗೆ 4. ಈ ಮೂರು ಪಾಲಿನ ಲೆಕ್ಕ ಶುರುವಾಗುವುದು ಹಣೆಯ ಮೇಲೆ ಕೂದಲು ಹುಟ್ಟುವ ಗೆರೆಯಿಂದ. ಕಣ್ಣು ನಡುವೆ ಬರುವ ಲೆಕ್ಕ ಶುರುವಾಗುವುದು ನೆತ್ತಿಯಿಂದ. ಎರಡನ್ನೂ ಒಂದೇ ಮೊಟ್ಟೆಯಾಕಾರದ ಮೇಲೆ ಹೇರಿದರೆ ಮಕ್ಕಳ ಚಿತ್ರದಲ್ಲಿ ಒಂದೋ ಹಣೆ ಮಾಯವಾಗುತ್ತದೆ, ಇಲ್ಲವೇ ತಲೆಬುರುಡೆ ಮಾಯವಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಈ ಅಳತೆಗಳೆಲ್ಲ ಬೆಳೆದ ಮನುಷ್ಯನವು. ಐದಾರು ವರ್ಷದ ಹೊತ್ತಿಗೆ ಮೆದುಳು ತನ್ನ ಪೂರ್ಣ ಗಾತ್ರದ ಸುಮಾರು ಶೇ. 90ರಷ್ಟನ್ನು ಮುಟ್ಟಿರುತ್ತದೆ, ಆದರೆ ದವಡೆ ಮತ್ತು ಮೂಗು ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತವೆ. ಹೀಗಾಗಿ ಚಿಕ್ಕ ಮಗುವಿನ ಕಣ್ಣುಗಳು ನಡುಗೆರೆಗಿಂತ ಕೆಳಗಿರುತ್ತವೆ. ಕಣ್ಣಿನ ಬಣ್ಣದ ವೃತ್ತವಂತೂ ಎರಡು ವರ್ಷದ ಹೊತ್ತಿಗೇ ಹೆಚ್ಚುಕಡಿಮೆ ದೊಡ್ಡವರದಷ್ಟೇ, ಸುಮಾರು 12 ಮಿಲಿಮೀಟರ್ ಆಗಿಬಿಡುವುದರಿಂದ, ಸಣ್ಣ ಮುಖದಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣುತ್ತದೆ. ನಿಮ್ಮ ತರಗತಿಯ ಮಕ್ಕಳು ಪರಸ್ಪರರ ಮುಖಗಳನ್ನು ಬರೆಯುವಾಗ ನಿಮ್ಮ ಹಲಗೆಯ ಗೆರೆಗಳನ್ನು ಹಿಡಿದಿದ್ದರೆ, ಎದುರಿಗೆ ಕೂತ ಗೆಳೆಯನನ್ನು ಬಿಟ್ಟು ಅವನ ಅಪ್ಪನ ಅಳತೆಯನ್ನು ಬರೆದಂತಾಯಿತು.

ನೀಲಿಮಸಿ:

ನನ್ನದು ಶಿಕ್ಷಕಿಯ ಪ್ರಶ್ನೆಯಲ್ಲ, ತಾಯಿಯ ಪ್ರಶ್ನೆ. ನನ್ನ ಮಗನಿಗೆ 9 ವರ್ಷ. ಕಣ್ಣು, ಬಾಯಿ ಹೇಗೋ ಬರುತ್ತವೆ. ಮೂಗಿಗೆ ಬಂದಾಗ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಹಾಳೆಯೇ ಹರಿಯುತ್ತದೆ. ಎರಡು ಉದ್ದ ಗೆರೆಗಳ ನಡುವೆ ಮೂಗನ್ನು ಕೂರಿಸಿ, ಅದು ಕಂಬದಂತಿದೆ ಎಂದು ಅಳುತ್ತಾನೆ. ರಬ್ಬರನ್ನು ಬಚ್ಚಿಡಲೇ ಎಂದು ಯೋಚಿಸುತ್ತಿದ್ದೇನೆ.

ಇದ್ದಿಲುಕಡ್ಡಿ:

ರಬ್ಬರ್ ಬಚ್ಚಿಡಬೇಡಿ, ಪೆನ್ಸಿಲ್ ಬದಲಾಯಿಸಿ. ಹೆಚ್.ಬಿ. ಪೆನ್ಸಿಲಿನ ಚೂಪು ಮೊನೆ ಗೆರೆಯನ್ನಷ್ಟೇ ಎಳೆಯಬಲ್ಲದು, ಮೂಗಿಗೋ ಎದುರಿನಿಂದ ನೋಡಿದಾಗ ಗೆರೆಗಳೇ ಇಲ್ಲ. ಮೇಲೆ ಅದು ಹಣೆಯಿಂದ ಇಳಿದು ಬರುತ್ತದೆ, ಪಕ್ಕದಲ್ಲಿ ಕೆನ್ನೆಗೆ ಸೇರಿಹೋಗುತ್ತದೆ. ಅದು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತೆಂದು ಗೀಟು ಹಾಕಿದ ಕೂಡಲೇ ಕಂಬವಾಗುತ್ತದೆ.

ಸಂಜೆ ಒಂದು ದೀಪವನ್ನು ಪಕ್ಕದಲ್ಲಿಟ್ಟು ಅವನ ಎದುರು ನೀವು ಕುಳಿತುಕೊಳ್ಳಿ. ಕಣ್ಣನ್ನು ಅರ್ಧ ಮುಚ್ಚಿ, ಕಿರಿದು ಮಾಡಿ ನೋಡಲು ಹೇಳಿ. ಹಾಗೆ ನೋಡಿದಾಗ ಚಿಕ್ಕ ವಿವರಗಳು ಕರಗಿ, ಮುಖದಲ್ಲಿ ಉಳಿಯುವುದು ಕೆಲವು ಕಪ್ಪು ಮಚ್ಚೆಗಳು ಮಾತ್ರ: ಮೂಗಿನ ಒಂದು ಪಕ್ಕದ ನೆರಳು, ಮೂಗಿನ ಅಡಿಯ ನೆರಳು, ಕಣ್ಣಿನ ಗುಳಿ, ಕೆಳದುಟಿಯ ಕೆಳಗಿನ ತಗ್ಗು. ಮೃದುವಾದ 4ಬಿ ಪೆನ್ಸಿಲನ್ನು ಓರೆಯಾಗಿ ಹಿಡಿದು ಆ ಮಚ್ಚೆಗಳನ್ನಷ್ಟೇ ತುಂಬಲಿ. ಮೂಗನ್ನು ಬರೆಯದೆಯೇ ಮೂಗು ಬರುತ್ತದೆ. ಹೊಳ್ಳೆಗಳನ್ನೂ ಎರಡು ಕಪ್ಪು ತೂತುಗಳಂತೆ ಬರೆಯಬೇಕಾಗಿಲ್ಲ. ಅಡಿಯ ನೆರಳಿನಲ್ಲಿ ಇನ್ನೆರಡು ಸ್ವಲ್ಪ ಗಾಢವಾದ ಒತ್ತು ಸಾಕು.

ಬಾಯಿಯದೂ ಇದೇ ಕತೆ. ಮಕ್ಕಳು ತುಟಿಗಳ ಹೊರ ಅಂಚನ್ನು ಮೊದಲು ಬರೆಯುತ್ತಾರೆ, ಆದರೆ ನಿಜವಾದ ಮುಖದಲ್ಲಿ ಎಲ್ಲಕ್ಕಿಂತ ಗಾಢವಾದ ಗೆರೆಯೆಂದರೆ ಎರಡು ತುಟಿಗಳು ಕೂಡುವ ಗೆರೆ. ಅದನ್ನು ನೋಡಿ ಬರೆದು ಕೆಳಗೆ ಸಣ್ಣ ನೆರಳಿಟ್ಟರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಹಲ್ಲು ಕಾಣುತ್ತಿದ್ದರೆ ಒಂದೊಂದು ಹಲ್ಲಿನ ನಡುವೆಯೂ ಗೆರೆ ಬೇಡ. ಕಣ್ಣಿನಲ್ಲಿ ಒಂದೇ ಸೂಚನೆ: ಶಾಂತವಾಗಿ ನೋಡುವಾಗ ಮೇಲಿನ ರೆಪ್ಪೆ ಬಣ್ಣದ ವೃತ್ತದ ಮೇಲಂಚನ್ನು ಮುಚ್ಚಿರುತ್ತದೆ. ವೃತ್ತವನ್ನು ಪೂರ್ತಿ ಬರೆದರೆ ಆ ಮನುಷ್ಯ ಬೆದರಿದವನಂತೆ ಕಾಣುತ್ತಾನೆ. ಮಕ್ಕಳ ಚಿತ್ರಗಳಲ್ಲಿ ಎಲ್ಲರೂ ಏನನ್ನೋ ಕಂಡು ಗಾಬರಿಯಾದಂತಿರುವುದು ಇದರಿಂದಲೇ.

ತಲೆಕೆಳಗು:

ಇಷ್ಟೆಲ್ಲ ಕಷ್ಟವೇಕೆ? ಒಂದು ಫೋಟೊವನ್ನು ತಲೆಕೆಳಗಾಗಿಟ್ಟು ನಕಲು ಮಾಡಿಸಿ. ಬೆಟ್ಟಿ ಎಡ್ವರ್ಡ್ಸ್ ಎಂಬ ಶಿಕ್ಷಕಿ 1979ರಲ್ಲಿ ಈ ಅಭ್ಯಾಸವನ್ನು ಜನಪ್ರಿಯಗೊಳಿಸಿದರು. ಮುಖ ತಲೆಕೆಳಗಾದಾಗ ಅದನ್ನು ಮುಖವೆಂದು ಗುರುತಿಸುವ ನಮ್ಮ ಶಕ್ತಿ ಕುಂದುತ್ತದೆ. ರಾಬರ್ಟ್ ಯಿನ್ 1969ರಲ್ಲಿಯೇ ಪ್ರಯೋಗಗಳಿಂದ ತೋರಿಸಿದಂತೆ, ಬೇರೆ ವಸ್ತುಗಳಿಗಿಂತ ಮುಖಗಳ ವಿಷಯದಲ್ಲಿ ಈ ಕುಂದು ಹೆಚ್ಚು. 1980ರಲ್ಲಿ ಪೀಟರ್ ಥಾಮ್ಸನ್ ಒಂದು ಫೋಟೊದಲ್ಲಿ ಕಣ್ಣು ಮತ್ತು ಬಾಯಿಯನ್ನು ಮಾತ್ರ ಬುಡಮೇಲು ಮಾಡಿ ಅಂಟಿಸಿ, ಇಡೀ ಚಿತ್ರವನ್ನು ತಲೆಕೆಳಗಾಗಿ ತೋರಿಸಿದಾಗ ಅದರ ವಿಕಾರ ಯಾರಿಗೂ ಸುಲಭವಾಗಿ ಹೊಳೆಯಲಿಲ್ಲ. ನೇರ ಮಾಡಿದಾಗ ಬೆಚ್ಚಿಬೀಳುವಂತಿತ್ತು. ಅಂದರೆ ತಲೆಕೆಳಗಿನ ಚಿತ್ರದಲ್ಲಿ ಮಗು "ಮೂಗು" ಬರೆಯುವುದಿಲ್ಲ, ಕಂಡ ಗೆರೆಯನ್ನು ಬರೆಯುತ್ತದೆ. ನೀಲಿಮಸಿಯವರ ಮಗನಿಗೆ ಬೇಕಾದದ್ದು ಇದೇ.

ಹಳೆಯ ಮೇಷ್ಟ್ರು:

ಸ್ವಾಮಿ, ತಿಂಗಳಿಗೊಮ್ಮೆ ಆಟವಾಗಿ ಮಾಡಿಸಿದರೆ ಅದು ಚೆನ್ನಾಗಿಯೇ ಇದೆ, ನಾನೂ ಮಾಡಿಸಿದ್ದೇನೆ. ಆದರೆ ಅದರಿಂದ ಬರುವುದು ನಕಲಿನ ನಿಖರತೆ. ಥಾಮ್ಸನ್ನರ ಫೋಟೊ ತೋರಿಸುವುದು ಇನ್ನೊಂದನ್ನೂ ಅಲ್ಲವೇ? ತಲೆಕೆಳಗಾದಾಗ ನಮಗೆ ಮುಖದ ಭಾವವೇ ತಪ್ಪಿಹೋಗುತ್ತದೆ. ಭಾವ ತಪ್ಪಿದ ಮುಖವನ್ನು ಗೆರೆ ಬಿಡದಂತೆ ನಕಲಿಸಿ ಮಗು ಏನು ಮಾಡಬೇಕು? ಅದರ ಜೊತೆಗೆ ಹೇಳುವ ಎಡಮೆದುಳು, ಬಲಮೆದುಳಿನ ಕತೆಯನ್ನು ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಚಿತ್ರ ಬರೆಯುವಾಗ ಎರಡು ಪಾಲೂ ದುಡಿಯುತ್ತವೆ.

ಭಾವದ ಮಾತು ಬಂದದ್ದರಿಂದ, ಎಲ್ಲ ವಯಸ್ಸಿನವರಿಗೂ ಒಟ್ಟಿಗೆ ಮಾಡಿಸಬಹುದಾದ ಒಂದು ಪಾಠವನ್ನು ಬಿಳಿಹಾಳೆಯವರಿಗೆ ಹೇಳುತ್ತೇನೆ. ಹಾಳೆಯಲ್ಲಿ ನಾಣ್ಯದಿಂದ ಹನ್ನೆರಡು ಸುತ್ತು ಹಾಕಿಸಿ, ಎಲ್ಲದರಲ್ಲಿಯೂ ಒಂದೇ ತೆರನಾದ ಎರಡು ಚುಕ್ಕಿ ಕಣ್ಣು, ಒಂದೇ ಗೀಟು ಬಾಯಿ. ಮುಂದೆ ಹುಬ್ಬುಗಳನ್ನು ಮಾತ್ರ ಬದಲಿಸುತ್ತ ಹೋಗಬೇಕು: ಒಳತುದಿ ಇಳಿದದ್ದು, ಒಳತುದಿ ಏರಿದ್ದು, ಒಂದು ಮಾತ್ರ ಎತ್ತಿದ್ದು, ಕಣ್ಣಿಗೆ ಅಂಟಿದ್ದು. ಬಾಯಿ ಅಲುಗದೆಯೇ ಸಿಟ್ಟು, ದುಃಖ, ಅನುಮಾನ ಎಲ್ಲವೂ ಬರುತ್ತವೆ. ಜಿನೀವಾದಲ್ಲಿ ನನ್ನಂತೆಯೇ ಮೇಷ್ಟ್ರಾಗಿದ್ದು ಚಿತ್ರಕತೆಗಳನ್ನೂ ಬರೆಯುತ್ತಿದ್ದ ರೊಡಾಲ್ಫ್ ಟೋಪ್ಫರ್ 1845ರಲ್ಲಿ ಹೇಳಿದ ಮಾತಿನ ತಿರುಳೂ ಇದೇ: ಮುಖವೆಂದು ಎಷ್ಟೇ ಒಡ್ಡಾಗಿ ಗೀಚಿದರೂ ಅದಕ್ಕೊಂದು ಭಾವ ಬಂದೇ ತೀರುತ್ತದೆ, ಬರೆದವನ ಕೆಲಸ ಆ ಭಾವ ಯಾವುದೆಂದು ಗುರುತಿಸಿ ಮುಂದಿನ ಗೆರೆಯನ್ನು ಬದಲಿಸುವುದು. ದೊಡ್ಡ ಮಕ್ಕಳಿಗೆ ಇನ್ನೊಂದು ಮೆಟ್ಟಿಲು: ಮನಸಾರೆ ನಕ್ಕಾಗ ಬಾಯಿಯಷ್ಟೇ ಅಲ್ಲ, ಕಣ್ಣಿನ ಸುತ್ತಲ ಸ್ನಾಯುವೂ ಬಿಗಿದು ಕೆನ್ನೆ ಮೇಲೇರುತ್ತದೆ. ಫ್ರೆಂಚ್ ವೈದ್ಯ ಡ್ಯುಷೆನ್ 1862ರಲ್ಲಿ ಇದನ್ನು ವಿವರಿಸಿದ್ದರು. ಸುಳ್ಳು ನಗೆಯೊಂದು, ನಿಜವಾದ ನಗೆಯೊಂದು ಅಕ್ಕಪಕ್ಕ ಬರೆಯಲು ಹೇಳಿ, ಯಾವುದು ಯಾವುದೆಂದು ಪಕ್ಕದವರು ಹೇಳಬೇಕು.

ನೀಲಿಮಸಿ:

ದೀಪದ ಉಪಾಯ ಮಾಡಿ ನೋಡಿದೆವು. ಹಾಳೆ ಹರಿಯಲಿಲ್ಲ, ನನ್ನ ಮೂಗು ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದೆಂದು ತಿಳಿಯಿತು. ಈಗ ಬಣ್ಣದ ಪ್ರಶ್ನೆ ಎದ್ದಿದೆ. "ಚರ್ಮದ ಬಣ್ಣದ ಕ್ರೇಯಾನ್ ಕೊಡು" ಎನ್ನುತ್ತ ತಿಳಿಗುಲಾಬಿ ಬಣ್ಣದ್ದನ್ನು ಎತ್ತಿಕೊಳ್ಳುತ್ತಾನೆ. ನಮ್ಮ ಮನೆಯಲ್ಲಿ ಯಾರೂ ಆ ಬಣ್ಣದವರಿಲ್ಲ.

ಇದ್ದಿಲುಕಡ್ಡಿ:

ಆ ಕ್ರೇಯಾನಿಗೆ ಆ ಹೆಸರು ಅಂಟಿಕೊಂಡದ್ದು ಹಳೆಯ ಸಂಗತಿ; ಅಮೆರಿಕದ ಕ್ರೆಯೋಲಾ ಕಂಪನಿ ತನ್ನ ಪೆಟ್ಟಿಗೆಯಲ್ಲಿದ್ದ "ಮೈಬಣ್ಣ" ಎಂಬರ್ಥದ ಹೆಸರನ್ನು 1962ರಲ್ಲಿಯೇ ತೆಗೆದು, ಅದಕ್ಕೆ ಪೀಚ್ ಹಣ್ಣಿನ ಹೆಸರಿಟ್ಟಿತು. ಹೆಸರು ಹೋದರೂ ರೂಢಿ ಹೋಗಿಲ್ಲ. ಕ್ರೇಯಾನ್ ಬದಿಗಿಟ್ಟು ನೀರುಬಣ್ಣದಲ್ಲಿ ಬೆರೆಸುವುದನ್ನು ತೋರಿಸಿ. ಹಳದಿ, ಕೆಂಪು ಸೇರಿಸಿ ಕಿತ್ತಳೆ ಮಾಡಿ, ಅದಕ್ಕೆ ನೀಲಿಯನ್ನು ಹನಿಹನಿಯಾಗಿ ಬಿಟ್ಟರೆ ಕಂದು ಬರುತ್ತದೆ. ಎಲ್ಲರ ಮೈಬಣ್ಣವೂ ಈ ಕಂದಿನ ಒಂದಲ್ಲ ಒಂದು ಮೆಟ್ಟಿಲು, ನೀರು ಹೆಚ್ಚಿಸಿದರೆ ತಿಳಿ, ಬಣ್ಣ ಹೆಚ್ಚಿಸಿದರೆ ಗಾಢ. ಬೆರೆಸಿದ್ದನ್ನು ಒಂದು ಚೂರು ಕಾಗದಕ್ಕೆ ಬಳಿದು ಒಣಗಿದ ಮೇಲೆ ಕೈಯ ಮೇಲಿಟ್ಟು ಹೋಲಿಸಲಿ.

ಬಿಳಿಹಾಳೆ:

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಎರಡು ವಾರ ನಿಮ್ಮೆಲ್ಲರ ಮಾತುಗಳನ್ನು ತರಗತಿಯಲ್ಲಿ ನಡೆಸಿ ನೋಡಿದೆ.

ಮಕ್ಕಳನ್ನು ಎರಡು ಗುಂಪು ಮಾಡಿದೆ. ದೊಡ್ಡವರು ಕನ್ನಡಿಯ ಮುಂದೆ ಸೋಪು ಹಿಡಿದು ನಿಂತರು. ತಲೆ ಅರ್ಧವೇ ಇದೆಯೆಂಬುದನ್ನು ಮೊದಲು ಯಾರೂ ನಂಬಲಿಲ್ಲ; ದಾರ ತಂದು ತಮ್ಮ ತಲೆಯನ್ನೂ ಗಾಜಿನ ಮೇಲಿನ ತಲೆಯನ್ನೂ ಅಳೆದು, ದಾರವನ್ನು ಮಡಚಿ ನೋಡಿ, ಆಮೇಲೆ ಒಪ್ಪಿಕೊಂಡರು. ಕಣ್ಣಿನ ಗೀಟು ಒಬ್ಬೊಬ್ಬರದು ಒಂದೊಂದು ಕಡೆ ಬಂದಿತ್ತು, ಹೆಚ್ಚಿನವರದು ನಡುವಿಗಿಂತ ತುಸು ಕೆಳಗೆ. ನನ್ನದನ್ನೂ ಅಳೆಯಬೇಕೆಂದು ಪಟ್ಟುಹಿಡಿದರು. ಅದು ನಡುವೆಯೇ ಬಂತು. ಹಲಗೆಯ ಮೇಲೆ ನಾನು ಬರೆದಿದ್ದ ಮುಖ ಯಾರದೆಂದು ಆಗ ಗೊತ್ತಾಯಿತು.

ಒಂದು ತೊಡಕನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. 10 ವರ್ಷದ ಹುಡುಗನೊಬ್ಬ ನೆಲದ ಮೇಲೆ ಕುಳಿತು, ಬೆಂಚಿನ ಮೇಲೆ ನಿಂತಿದ್ದ ಗೆಳೆಯನನ್ನು ಬರೆದ. ಅವನ ಚಿತ್ರದಲ್ಲಿ ಕಣ್ಣುಗಳು ತುಂಬ ಮೇಲಿದ್ದವು, ಗದ್ದ ದೊಡ್ಡದಾಗಿತ್ತು, ಹೊಳ್ಳೆಗಳು ಎದ್ದು ಕಾಣುತ್ತಿದ್ದವು. ಉಳಿದವರು ಅಳತೆ ತಪ್ಪಿದೆಯೆಂದು ಕೂಗಿದರು, ನನಗೂ ಹಾಗೆಯೇ ಅನ್ನಿಸಿತು. ಅವನು ಮಾತಾಡದೆ ನನ್ನನ್ನು ತಾನು ಕೂತ ಜಾಗದಲ್ಲಿ ಕೂರಿಸಿದ. ಅಲ್ಲಿಂದ ನೋಡಿದರೆ ಗೆಳೆಯನ ಹಣೆ ಹಿಂದಕ್ಕೆ ಸರಿದು ಕಿರಿದಾಗಿತ್ತು, ಕಣ್ಣುಗಳು ನಿಜವಾಗಿಯೂ ಮೇಲಿದ್ದವು.

ಚಿಕ್ಕವರು ಇನ್ನೊಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಮುಖ ಮುಟ್ಟಿ ನೋಡಿಕೊಂಡರು. ಆ 5 ವರ್ಷದವಳು ಮೊದಲ ವಾರ ಹಾಳೆಯನ್ನು ಮುಟ್ಟಲಿಲ್ಲ. ಎರಡನೆಯ ವಾರ, ಹನ್ನೆರಡು ಸುತ್ತುಗಳ ಆಟದಲ್ಲಿ, ಎಲ್ಲರೂ ಹುಬ್ಬು ಬರೆಯುತ್ತಿದ್ದಾಗ ಅವಳು ನಾಲ್ಕು ಸುತ್ತುಗಳಲ್ಲಿ ಹುಬ್ಬು ಬರೆದು, ಐದನೆಯದರಲ್ಲಿ ಬಾಯಿಯ ಸುತ್ತ ಗೀಟುಗಳನ್ನು ಹಾಕತೊಡಗಿದಳು. ಸರಿಯೇ ಎಂದು ನನ್ನನ್ನು ಕೇಳಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ.

ಮುಂದಿನ ವಾರ ದೊಡ್ಡವರಿಗೆ ಪಕ್ಕದಿಂದ ಕಾಣುವ ಮುಖವನ್ನು ಕೊಡಬೇಕೆಂದಿದ್ದೇನೆ. ಮೇಷ್ಟ್ರು ಹೇಳಿದ ಎರಡು ಕಣ್ಣಿನ ತೊಂದರೆ ಈ ವಯಸ್ಸಿನಲ್ಲಿ ಇಲ್ಲ. ಬೇರೇನಾದರೂ ಎಚ್ಚರಿಕೆ ಇದೆಯೇ?

ಇದ್ದಿಲುಕಡ್ಡಿ:

ಆ ಹುಡುಗನ ಚಿತ್ರವನ್ನು ಗೋಡೆಗೆ ಹಾಕಿ. ಪಕ್ಕದ ಮುಖದಲ್ಲಿ ಮಕ್ಕಳು ತಪ್ಪುವುದು ಕಿವಿಯಲ್ಲಿ. ಅದನ್ನು ಮುಖದ ಹತ್ತಿರಕ್ಕೆ ಎಳೆದು ತಂದು, ತಲೆಯ ಹಿಂಭಾಗವನ್ನು ಕತ್ತರಿಸಿಬಿಡುತ್ತಾರೆ. ಹಣೆಯಿಂದ ಹಿಂದಲೆಯವರೆಗಿನ ಅಗಲವನ್ನು ಪೆನ್ಸಿಲ್ ಚಾಚಿ ಅಳೆಸಿ, ಕಿವಿ ಅದರ ನಡುಗೆರೆಯ ಹಿಂದಕ್ಕೆ ಬರುವುದನ್ನು ಅವರೇ ನೋಡಲಿ. ಕೂದಲು ದಟ್ಟವಾಗಿರುವ ಮಗುವನ್ನು ಮೊದಲು ಕೂರಿಸಬೇಡಿ, ತಲೆಬುರುಡೆ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ.